ಕ್ರಾಪ್ಸ್ ಮೇಜಿನ ಲೆಕ್ಕ: ಯಾವ ಪಣ ಅಗ್ಗ, ಯಾವುದು ದುಬಾರಿ

ಠಾಣೆಯ ಕೋಪರಿಯಿಂದ ಅಮೆರಿಕದ ಮಗಳ ಮನೆಗೆ ಹೋದ ಅಪ್ಪ-ಅಮ್ಮಂದಿರನ್ನು ಅಳಿಯಂದಿರು ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ನಯಾಗರಾ ಒಂದಾದರೆ ಅಟ್ಲಾಂಟಿಕ್ ಸಿಟಿ ಇನ್ನೊಂದು. ನ್ಯೂಜೆರ್ಸಿಯ ಆ ಕಡಲೂರಿನಲ್ಲಿ 1978ರಿಂದ ಕ್ಯಾಸಿನೋಗಳಿವೆ. 2016ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಅಲ್ಲೇ. ಹಾಗಾಗಿ ಕನ್ನಡಿಗರಿಗೆ ಅದು ತೀರಾ ಅಪರಿಚಿತ ಊರೇನಲ್ಲ. ಅಷ್ಟು ದೂರ ಹೋಗದವರಿಗೂ ಕ್ಯಾಸಿನೋದ ಗಾಳಿ ಒಂದಿಲ್ಲೊಂದು ಕಡೆಯಿಂದ ಬೀಸುತ್ತದೆ. ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿ ಊರಿಗೆ ಹೊರಟವರ ಗುಂಪು ನಡುವೆ ಮಡಗಾಂವ್‌ನಲ್ಲಿ ಇಳಿದು ಪಣಜಿಯ ಕಡೆ ತಿರುಗುವುದುಂಟು. ಮದುವೆಯ ಸಂಗೀತ್ ಸಂಜೆಗೆ ಬಾಡಿಗೆ ಕ್ಯಾಸಿನೋ ಮೇಜು ತರಿಸಿ, ನಕಲಿ ಚಿಪ್ಪುಗಳಲ್ಲಿ ಆಡಿಸುವುದು ನಮ್ಮ ಮುಂಬಯಿ ಕಡೆ ಈಗ ಮಾಮೂಲು.

ಅಂಥ ಕಡೆಗಳಲ್ಲಿ ರೂಲೆಟ್ ನೋಡಿದ ತಕ್ಷಣ ಅರ್ಥವಾಗುತ್ತದೆ. ಅಂದರ್-ಬಾಹರ್ ಹೇಳಿಕೊಡಬೇಕಾಗಿಯೇ ಇಲ್ಲ. ಉದ್ದನೆಯ ತೊಟ್ಟಿಯಂಥ ಮೇಜಿನ ಸುತ್ತ ಹತ್ತು-ಹದಿನೈದು ಜನ ನಿಂತು ಕೂಗಾಡುವ ಕ್ರಾಪ್ಸ್ ಮಾತ್ರ ಹೊಸಬರನ್ನು ಹೆದರಿಸುತ್ತದೆ. ಮೇಜಿನ ಮೇಲಿನ ಹಸಿರು ಬಟ್ಟೆಯಲ್ಲಿ ನಲವತ್ತು ಬಗೆಯ ಮನೆಗಳು, ಒಂದೊಂದಕ್ಕೂ ಒಂದೊಂದು ಹೆಸರು. ನಿಜ ಹೇಳಬೇಕೆಂದರೆ ಅದರಲ್ಲಿ ಮೂರನ್ನು ತಿಳಿದುಕೊಂಡರೆ ಸಾಕು. ಉಳಿದವುಗಳ ಹತ್ತಿರ ಯಾಕೆ ಹೋಗಬಾರದು ಎಂಬುದನ್ನು ತಿಳಿಯಲು ಐದನೇ ಕ್ಲಾಸಿನ ಗಣಿತ ಬೇಕು, ಅಷ್ಟೇ. ಜೂಜಾಡಿ ಎಂದು ಈ ಲೇಖನ ಹೇಳುತ್ತಿಲ್ಲ. ಮೇಜಿನ ಮೇಲಿರುವ ಪ್ರತಿ ಮನೆಗೂ ಒಂದು ಬೆಲೆಯಿದೆ, ಅದನ್ನು ಎಲ್ಲಿಯೂ ಬರೆದಿರುವುದಿಲ್ಲ. ಆ ಬೆಲೆಯನ್ನು ಓದುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲ ಕೆಲಸ: 36 ಚೌಕದ ಕೋಷ್ಟಕ

ಲೂಡೋ ಡಬ್ಬಿಯಿಂದ ಎರಡು ದಾಳ ತೆಗೆದುಕೊಳ್ಳಿ. ಬಣ್ಣ ಬೇರೆ ಬೇರೆ ಇದ್ದರೆ ಒಳ್ಳೆಯದು. ಒಂದು ಕೆಂಪು, ಒಂದು ನೀಲಿ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಆರು ಅಡ್ಡಸಾಲು, ಆರು ಉದ್ದಸಾಲು ಎಳೆಯಿರಿ. ಅಡ್ಡಸಾಲಿಗೆ ಕೆಂಪು ದಾಳದ 1ರಿಂದ 6, ಉದ್ದಸಾಲಿಗೆ ನೀಲಿ ದಾಳದ 1ರಿಂದ 6 ಬರೆದು, ಸೇರುವ ಚೌಕದಲ್ಲಿ ಎರಡರ ಮೊತ್ತ ಹಾಕುತ್ತ ಹೋಗಿ. 36 ಚೌಕ ತುಂಬುವ ಹೊತ್ತಿಗೆ ಏಳು ಎಂಬ ಅಂಕಿ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ನಿಂತಿರುವುದು ಕಾಣುತ್ತದೆ. ಅದು ಆರು ಸಲ ಬಂದಿದೆ. ಅದರ ಎರಡು ಪಕ್ಕದಲ್ಲಿ 6 ಮತ್ತು 8, ಐದೈದು ಸಲ. ಆಮೇಲೆ 5 ಮತ್ತು 9 ನಾಲ್ಕು ನಾಲ್ಕು ಸಲ, 4 ಮತ್ತು 10 ಮೂರು ಮೂರು ಸಲ, 3 ಮತ್ತು 11 ಎರಡೆರಡು ಸಲ. ಮೂಲೆಯಲ್ಲಿ ಒಂಟಿಯಾಗಿ 2, ಇನ್ನೊಂದು ಮೂಲೆಯಲ್ಲಿ 12.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಕೆಂಪು 3 ಮತ್ತು ನೀಲಿ 4 ಬಿದ್ದರೂ ಏಳು, ಕೆಂಪು 4 ಮತ್ತು ನೀಲಿ 3 ಬಿದ್ದರೂ ಏಳು. ಇವನ್ನು ಒಂದೇ ಎಂದು ಎಣಿಸಿದರೆ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ. ಅದಕ್ಕೇ ಬಣ್ಣ ಬೇರೆ ಇರಲಿ ಎಂದದ್ದು. ಇದು ನಮ್ಮನಿಮ್ಮಂಥವರ ಗೊಂದಲ ಮಾತ್ರವಲ್ಲ. ಮೂರು ದಾಳ ಹಾಕಿದಾಗ 9ಕ್ಕಿಂತ 10 ಯಾಕೆ ಸ್ವಲ್ಪ ಹೆಚ್ಚು ಬೀಳುತ್ತದೆ ಎಂಬ ಪ್ರಶ್ನೆ ಗೆಲಿಲಿಯೋ ತನಕ ಹೋಗಿತ್ತು. ಅವನು ಕುಳಿತು ಒಂದೊಂದನ್ನೂ ಬೇರೆಯಾಗಿ ಎಣಿಸಿ, 216ರಲ್ಲಿ 9ಕ್ಕೆ 25 ದಾರಿ, 10ಕ್ಕೆ 27 ದಾರಿ ಎಂದು ತೋರಿಸಿದ. ನಮ್ಮಲ್ಲಿ ಇದಕ್ಕಿಂತ ಹಳೆಯ ಕಥೆಯಿದೆ. ನಳನಿಗೆ ಋತುಪರ್ಣ ಅಕ್ಷಹೃದಯ ಕಲಿಸಿದ್ದು ರಥ ನಿಲ್ಲಿಸಿ, ತಾರೆ ಮರದ ಎಲೆ-ಕಾಯಿಗಳ ಲೆಕ್ಕ ಹೇಳಿದ ಮೇಲೆ. ದಾಳದ ಮರ್ಮವೂ ಎಣಿಕೆಯ ವಿದ್ಯೆಯೂ ಅಲ್ಲಿ ಒಟ್ಟಿಗೇ ಬರುತ್ತವೆ. ಧರ್ಮರಾಯನಿಗೆ ಮಾತ್ರ ಆ ಪಾಠ ತಡವಾಗಿ ಸಿಕ್ಕಿತು.

ಕೋಷ್ಟಕ ಆದ ಮೇಲೆ ಕೇರಂ ಬೋರ್ಡಿನ ಮೇಲೆ ದಾಳ ಎಸೆದು ಗುರುತು ಹಾಕುತ್ತ ಹೋಗಿ. ಮೊದಲ 36 ಎಸೆತದಲ್ಲಿ ಏಳು ಆರೇ ಸಲ ಬೀಳಬೇಕೆಂದಿಲ್ಲ. ಮೂರು ಸಲ ಬಿದ್ದೀತು, ಒಂಬತ್ತು ಸಲವೂ ಬಿದ್ದೀತು. 360 ಎಸೆದರೆ ಅದು ಅರವತ್ತರ ಆಸುಪಾಸಿಗೆ ಬರುತ್ತದೆ. ಮಕ್ಕಳಿಗೆ ರಜೆಯಿದ್ದರೆ ಈ ಕೆಲಸಕ್ಕೆ ಅವರನ್ನೇ ಹಚ್ಚಬಹುದು.

ಪಾಸ್ ಲೈನ್: ಆಟದ ಬೆನ್ನೆಲುಬು

ಮೇಜಿನ ಅಂಚಿನುದ್ದಕ್ಕೂ ಒಂದು ಪಟ್ಟಿಯಿರುತ್ತದೆ. ಅದೇ ಪಾಸ್ ಲೈನ್. ಹೊಸ ಸುತ್ತು ಶುರುವಾಗುವ ಮೊದಲು ನಿಮ್ಮ ಚಿಪ್ಪನ್ನು ಅದರ ಮೇಲೆ ನೀವೇ ಇಡಬೇಕು. ಸುತ್ತು ಹೊಸದೋ ಹಳೆಯದೋ ಎಂದು ತಿಳಿಯಲು ಮೇಜಿನ ಮೇಲಿನ ದುಂಡು ಬಿಲ್ಲೆ ನೋಡಿ. ಕಪ್ಪು ಮುಖ ಮೇಲಿದ್ದು ‘ಆಫ್’ ಎಂದಿದ್ದರೆ ಹೊಸ ಸುತ್ತು. ಬಿಳಿ ಮುಖ ಮೇಲಿದ್ದು ‘ಆನ್’ ಎಂದು ಯಾವುದಾದರೂ ಅಂಕಿಯ ಮೇಲೆ ಕುಳಿತಿದ್ದರೆ ಆಟ ನಡುವಿನಲ್ಲಿದೆ.

ಹೊಸ ಸುತ್ತಿನ ಮೊದಲ ಎಸೆತಕ್ಕೆ ಕಮ್ ಔಟ್ ಎನ್ನುತ್ತಾರೆ. ಗರ 7 ಅಥವಾ 11 ಬಿದ್ದರೆ ಪಾಸ್ ಲೈನಿನವರಿಗೆ ಗೆಲುವು, ನೂರಕ್ಕೆ ನೂರು. 2, 3 ಅಥವಾ 12 ಬಿದ್ದರೆ ಪಣ ಹೋಯಿತು. ಈ ಮೂರಕ್ಕೇ ಕ್ರಾಪ್ಸ್ ಎಂದು ಹೆಸರು. ಉಳಿದ ಆರು ಅಂಕಿಗಳಲ್ಲಿ, ಅಂದರೆ 4, 5, 6, 8, 9, 10ರಲ್ಲಿ ಒಂದು ಬಿದ್ದರೆ ಆಗ ಅದೇ ‘ಪಾಯಿಂಟ್’. ಬಿಲ್ಲೆ ತಿರುಗಿ ಆ ಅಂಕಿಯ ಮೇಲೆ ಕೂರುತ್ತದೆ. ಇನ್ನು ಮುಂದೆ ಎರಡೇ ಅಂಕಿಗಳಿಗೆ ಬೆಲೆ: ಪಾಯಿಂಟ್ ಮತ್ತೆ ಬಿದ್ದರೆ ಗೆಲುವು, ಅದಕ್ಕಿಂತ ಮೊದಲು 7 ಬಿದ್ದರೆ ಸೋಲು. ಮೊದಲ ಎಸೆತದಲ್ಲಿ ಅದೃಷ್ಟ ತರುವ ಏಳು ಎರಡನೇ ಎಸೆತದಿಂದ ಮಾರಿಯಾಗುತ್ತದೆ. ಹೊಸಬರ ಗೊಂದಲದ ಅರ್ಧ ಇಲ್ಲೇ ಇದೆ.

ಈಗ ಬೆಲೆ ನೋಡೋಣ. 100 ರೂಪಾಯಿಯಂತೆ 1,980 ಸುತ್ತು ಆಡಿದಿರಿ ಎಂದುಕೊಳ್ಳಿ. ಈ ವಿಚಿತ್ರ ಸಂಖ್ಯೆ ಆರಿಸಿಕೊಂಡದ್ದು ಭಿನ್ನರಾಶಿಗಳೆಲ್ಲ ಸರಿಯಾಗಿ ಭಾಗವಾಗಲಿ ಎಂದು. ಗರಗಳು ಕೋಷ್ಟಕದ ಪ್ರಕಾರವೇ ಬಿದ್ದರೆ 440 ಸಲ 7 ಅಥವಾ 11, ಅವೆಲ್ಲ ಗೆಲುವು. 220 ಸಲ ಕ್ರಾಪ್ಸ್, ಅವೆಲ್ಲ ಸೋಲು. ಪಾಯಿಂಟ್ 4 ಆಗುವುದು 165 ಸಲ. ಅದರಲ್ಲಿ ಗೆಲ್ಲುವುದು ಮೂರರಲ್ಲೊಂದು, ಏಕೆಂದರೆ 4ಕ್ಕೆ ಮೂರು ದಾರಿ, 7ಕ್ಕೆ ಆರು ದಾರಿ, ಹಾಗಾಗಿ 55. ಪಾಯಿಂಟ್ 5 ಆಗುವುದು 220 ಸಲ, ಗೆಲುವು 88. ಪಾಯಿಂಟ್ 6 ಆಗುವುದು 275 ಸಲ, ಗೆಲುವು 125. 10, 9, 8ಕ್ಕೂ ಇದೇ ಲೆಕ್ಕ. ಎಲ್ಲ ಕೂಡಿಸಿದರೆ ಗೆಲುವು 976, ಸೋಲು 1,004. ಹತ್ತಿರ ಹತ್ತಿರ ಎರಡು ಸಾವಿರ ಸುತ್ತಿಗೆ ವ್ಯತ್ಯಾಸ ಬರೀ 28. ನೂರಕ್ಕೆ 1.41 ರೂಪಾಯಿ ಕ್ಯಾಸಿನೋದ ಪಾಲು. ಇದಕ್ಕೇ ಹೌಸ್ ಎಡ್ಜ್ ಎನ್ನುವುದು.

ಪಾಯಿಂಟ್ ಬಿದ್ದ ಮೇಲೆ ಪಾಸ್ ಲೈನಿನ ಚಿಪ್ಪನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಕಾರಣ ಸರಳ: ನಿಮಗೆ ಅನುಕೂಲವಿದ್ದದ್ದು ಮೊದಲ ಎಸೆತದಲ್ಲಿ, ಎಂಟು ದಾರಿ ಗೆಲುವಿಗೆ, ನಾಲ್ಕು ಸೋಲಿಗೆ. ಪಾಯಿಂಟ್ ಆದ ಮೇಲೆ ಅನುಕೂಲ ಕ್ಯಾಸಿನೋದ ಕಡೆ. ಆಗ ಎದ್ದು ಹೋಗಲು ಬಿಟ್ಟರೆ ಅವರ ಅಂಗಡಿ ನಡೆಯುವುದು ಹೇಗೆ?

ಇದರ ತದ್ವಿರುದ್ಧ ಪಣ ಡೋಂಟ್ ಪಾಸ್. ಎಸೆಯುವವನು ಸೋಲಲಿ ಎಂದು ಕಟ್ಟುವುದು. ಮೊದಲ ಎಸೆತದಲ್ಲಿ 2 ಅಥವಾ 3 ಬಿದ್ದರೆ ಗೆಲುವು, 7 ಅಥವಾ 11 ಬಿದ್ದರೆ ಸೋಲು, ಪಾಯಿಂಟ್ ಆದರೆ ಮೊದಲು 7 ಬೀಳಬೇಕು. ಹಾಗಾದರೆ ಕ್ಯಾಸಿನೋ ಗೆಲ್ಲುವ ಜಾಗದಲ್ಲಿ ನಾವೇ ನಿಂತಂತಾಯಿತಲ್ಲ ಎನ್ನುವವರಿಗೆ 12 ಅಡ್ಡ ಬರುತ್ತದೆ. 12 ಬಿದ್ದರೆ ಗೆಲುವೂ ಇಲ್ಲ, ಸೋಲೂ ಇಲ್ಲ, ಪಣ ವಾಪಸ್. ಅದೇ 1,980 ಸುತ್ತಿನಲ್ಲಿ 12 ಬೀಳುವುದು 55 ಸಲ. 1,004ರಲ್ಲಿ ಅದನ್ನು ಕಳೆದರೆ ಗೆಲುವು 949, ಸೋಲು 976. ವ್ಯತ್ಯಾಸ 27. ಪಾಸ್ ಲೈನಿಗಿಂತ ಒಂದೇ ಒಂದು ಕಡಿಮೆ! ಲೆಕ್ಕದಲ್ಲಿ ಕೂದಲೆಳೆಯಷ್ಟು ಲಾಭ, ಆದರೆ ಮೇಜಿನ ಸುತ್ತ ಎಲ್ಲರೂ ಪಾಯಿಂಟ್ ಬೀಳಲಿ ಎಂದು ಕೂಗುವಾಗ ನೀವೊಬ್ಬರು ಏಳು ಬೀಳಲಿ ಎಂದು ನಿಂತಿರಬೇಕಾಗುತ್ತದೆ. ಮೊದಲ ದಿನ ಅದು ಬೇಡ.

ಕಮ್ ಎಂಬ ದೊಡ್ಡ ಚೌಕವೂ ಕಾಣುತ್ತದೆ. ಅದು ಬೇರೇನೂ ಅಲ್ಲ, ಆಟದ ನಡುವೆ ಕಟ್ಟುವ ಪಾಸ್ ಲೈನ್. ನಿಯಮ ಅದೇ, ಬೆಲೆಯೂ ಅದೇ.

ಪಾಲಿಲ್ಲದ ಒಂದೇ ಪಣ

ಇಡೀ ಕ್ಯಾಸಿನೋದಲ್ಲಿ ತನ್ನ ಪಾಲು ಇಟ್ಟುಕೊಳ್ಳದ ಪಣ ಸಿಗುವುದೇ ಅಪರೂಪ. ಕ್ರಾಪ್ಸ್‌ನಲ್ಲಿ ಅಂಥದ್ದೊಂದು ಇದೆ, ಅದರ ಹೆಸರು ಆಡ್ಸ್. ಮಜಾ ಏನೆಂದರೆ ಮೇಜಿನ ಬಟ್ಟೆಯ ಮೇಲೆ ಇದಕ್ಕೆ ಮನೆಯನ್ನೇ ಬರೆದಿರುವುದಿಲ್ಲ. ಕೇಳಿ ತಿಳಿದವನಿಗಷ್ಟೇ ಗೊತ್ತು.

ಪಾಯಿಂಟ್ ಬಿದ್ದ ಮೇಲೆ, ಪಾಸ್ ಲೈನಿನ ಮೇಲಿರುವ ನಿಮ್ಮ ಚಿಪ್ಪಿನ ಹಿಂದೆ, ಗೆರೆಯಿಂದ ಹೊರಗೆ, ಇನ್ನಷ್ಟು ಚಿಪ್ಪು ಇಡಬಹುದು. ಪಾಯಿಂಟ್ ಬಿದ್ದರೆ ಈ ಹೆಚ್ಚುವರಿ ಪಣಕ್ಕೆ ಸಿಗುವುದು ನ್ಯಾಯವಾದ ದರ: 4 ಮತ್ತು 10ಕ್ಕೆ ಒಂದಕ್ಕೆ ಎರಡು, 5 ಮತ್ತು 9ಕ್ಕೆ ಎರಡಕ್ಕೆ ಮೂರು, 6 ಮತ್ತು 8ಕ್ಕೆ ಐದಕ್ಕೆ ಆರು. ಪಾಯಿಂಟ್ 4 ಇದ್ದಾಗ ಆಡ್ಸ್ 300 ಇಟ್ಟಿರಿ ಎಂದುಕೊಳ್ಳಿ. ಒಂಬತ್ತು ಸಲದಲ್ಲಿ ಮೂರು ಸಲ ಗೆದ್ದು 600ರಂತೆ 1,800 ಬರುತ್ತದೆ. ಆರು ಸಲ ಸೋತು 300ರಂತೆ 1,800 ಹೋಗುತ್ತದೆ. ಕೊಟ್ಟದ್ದೂ ಬಂದದ್ದೂ ಸಮ. ಕ್ಯಾಸಿನೋಗೆ ಇದರಲ್ಲಿ ಪೈಸೆಯೂ ಹುಟ್ಟುವುದಿಲ್ಲ.

ಹಾಗಾದರೆ ಯಾಕೆ ಕೊಡುತ್ತಾರೆ? ನಮ್ಮ ಉಡುಪಿ ಹೋಟೆಲಿನಲ್ಲಿ ಇಡ್ಲಿ ತೆಗೆದುಕೊಂಡವನಿಗೆ ಸಾಂಬಾರ್ ಎಷ್ಟು ಸಲ ಬೇಕಾದರೂ ಹಾಕುತ್ತಾರೆ, ಸಾಂಬಾರ್ ಮಾತ್ರ ಕೊಡಿ ಎಂದರೆ ಮಾಣಿ ಮುಖ ನೋಡುತ್ತಾನೆ. ಆಡ್ಸ್ ಕೂಡ ಹಾಗೆಯೇ. ಮೊದಲು ಪಾಸ್ ಲೈನ್ ಕೊಳ್ಳಬೇಕು, ಆಮೇಲಷ್ಟೇ ಇದು. ಎಷ್ಟರವರೆಗೆ ಇಡಬಹುದು ಎಂಬುದಕ್ಕೂ ಮಿತಿಯಿದೆ. ಹೆಚ್ಚಿನ ಕಡೆ ಕಾಣುವ ಫಲಕ 3-4-5: ಪಾಯಿಂಟ್ 4 ಅಥವಾ 10 ಆದರೆ ಪಾಸ್ ಲೈನಿನ ಮೂರು ಪಟ್ಟು, 5 ಅಥವಾ 9 ಆದರೆ ನಾಲ್ಕು ಪಟ್ಟು, 6 ಅಥವಾ 8 ಆದರೆ ಐದು ಪಟ್ಟು. ಈ ಅಂಕಿಗಳು ಸುಮ್ಮನೆ ಬಂದದ್ದಲ್ಲ. 100ರ ಪಾಸ್ ಲೈನಿಗೆ ಪೂರ್ತಿ ಆಡ್ಸ್ ಇಟ್ಟರೆ 300ಕ್ಕೆ ಎರಡರಷ್ಟು 600, 400ಕ್ಕೆ ಒಂದೂವರೆಯಷ್ಟು 600, 500ಕ್ಕೆ ಐದಕ್ಕಾರರಂತೆ 600. ಯಾವ ಪಾಯಿಂಟ್ ಬಿದ್ದರೂ ಡೀಲರ್ ಎಣಿಸುವುದು ಒಂದೇ ಮೊತ್ತ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅಭ್ಯಾಸವಿರುವವರಿಗೆ ಈ ಜಾಣತನ ತಕ್ಷಣ ಹಿಡಿಸುತ್ತದೆ.

ಹೀಗೆ ಪೂರ್ತಿ ಆಡ್ಸ್ ಇಟ್ಟು ಆಡಿದರೆ, ಕಟ್ಟಿದ ಒಟ್ಟು ಹಣಕ್ಕೆ ಹೋಲಿಸಿ ಕ್ಯಾಸಿನೋದ ಪಾಲು ನೂರಕ್ಕೆ 0.37 ರೂಪಾಯಿಗೆ ಇಳಿಯುತ್ತದೆ. ಆದರೆ ಇಲ್ಲಿ ಒಂದು ಎಚ್ಚರ. ಶೇಕಡಾ ಕಡಿಮೆಯಾಯಿತೆಂದು ನಿಮ್ಮ ನಷ್ಟವೇನೂ ಕಡಿಮೆಯಾಗಲಿಲ್ಲ. ಪಾಸ್ ಲೈನಿನ 100ಕ್ಕೆ ಹೋಗುವ 1.41 ಹಾಗೆಯೇ ಇದೆ. ಅದರ ಜೊತೆಗೆ ಏರಿಳಿತ ದೊಡ್ಡದಾಯಿತು. ಆದ್ದರಿಂದ ಆಡ್ಸ್ ಇಡುವ ಸರಿಯಾದ ಕ್ರಮ ಇದು: 500 ಕಟ್ಟಬೇಕೆಂದು ಇದ್ದರೆ ಪಾಸ್ ಲೈನಿಗೆ 500 ಇಡಬೇಡಿ, 100 ಇಟ್ಟು ಉಳಿದದ್ದನ್ನು ಆಡ್ಸ್‌ಗೆ ಇಡಿ. ಪಾಸ್ ಲೈನ್ 500 ಇಟ್ಟ ಮೇಲೆ ಮತ್ತೆ 2,500 ಆಡ್ಸ್ ಇಡುವುದು ಜಾಣತನವಲ್ಲ.

ಉಳಿದ ಮನೆಗಳು: ಸದ್ದು ಹೆಚ್ಚಾದಷ್ಟು ಬೆಲೆ ಹೆಚ್ಚು

ಪ್ಲೇಸ್ ಪಣದಿಂದ ಶುರುಮಾಡೋಣ. ನಿಮಗೆ ಬೇಕಾದ ಅಂಕಿ 7ಕ್ಕಿಂತ ಮೊದಲು ಬೀಳಲಿ ಎಂದು ನೇರವಾಗಿ ಕಟ್ಟುವುದು. 6 ಅಥವಾ 8ಕ್ಕೆ ಆರಕ್ಕೆ ಏಳು ಕೊಡುತ್ತಾರೆ, ಪಾಲು ಶೇ. 1.52, ಇದು ಪರವಾಗಿಲ್ಲ. 5 ಅಥವಾ 9ಕ್ಕೆ ಐದಕ್ಕೆ ಏಳು, ಪಾಲು ಶೇ. 4. 4 ಅಥವಾ 10ಕ್ಕೆ ಐದಕ್ಕೆ ಒಂಬತ್ತು, ಪಾಲು ಶೇ. 6.67. ಒಂದೇ ಹೆಸರಿನ ಪಣ, ಮೂರು ಬೆಲೆ. 6 ಮತ್ತು 8ರ ಮೇಲೆ ಆರರ ಗುಣಕದಲ್ಲೇ ಇಡಿ. ಹತ್ತು ಡಾಲರ್ ಇಟ್ಟರೆ ಚಿಲ್ಲರೆಯನ್ನು ಕೆಳಕ್ಕೆ ಇಳಿಸಿ ಕೊಡುತ್ತಾರೆ, ಅಲ್ಲಿ ಸೋರುತ್ತದೆ. ಇದೇ 6 ಮತ್ತು 8ಕ್ಕೆ ಕೆಲವು ಮೇಜುಗಳ ಮೂಲೆಯಲ್ಲಿ ಬಿಗ್ 6, ಬಿಗ್ 8 ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಪಣ ಅದೇ, ಕೊಡುವುದು ಮಾತ್ರ ಒಂದಕ್ಕೊಂದು. ಪಾಲು ಶೇ. 9.09ಕ್ಕೆ ಜಿಗಿಯುತ್ತದೆ. ಅಕ್ಷರ ದಪ್ಪಗಿರುವ ಕಾರಣ ಬೇರೆ ಹೇಳಬೇಕೆ?

ಫೀಲ್ಡ್ ಎಂಬುದು ನೋಡಲು ಬಹಳ ಸೊಗಸು. 2, 3, 4, 9, 10, 11, 12 ಎಂದು ಏಳು ಅಂಕಿಗಳು ನಿಮ್ಮ ಕಡೆ. ಎದುರಿಗೆ 5, 6, 7, 8 ಎಂಬ ನಾಲ್ಕೇ ಅಂಕಿ. ಆದರೆ ಕೋಷ್ಟಕ ತೆಗೆದು ಚೌಕ ಎಣಿಸಿ: ನಿಮ್ಮ ಏಳು ಅಂಕಿಗೆ ಸೇರಿ 16 ಚೌಕ, ಎದುರಿನ ನಾಲ್ಕಕ್ಕೆ 20. 2ಕ್ಕೂ 12ಕ್ಕೂ ಎರಡು ಪಟ್ಟು ಕೊಟ್ಟರೆ ಪಾಲು ಶೇ. 5.56. 12ಕ್ಕೆ ಮೂರು ಪಟ್ಟು ಕೊಡುವ ಮೇಜಿನಲ್ಲಿ ಅದು ಅರ್ಧಕ್ಕೆ ಇಳಿದು ಶೇ. 2.78 ಆಗುತ್ತದೆ. ಬಟ್ಟೆಯ ಮೇಲೆ ಬರೆದಿರುತ್ತದೆ, ಓದಿಯೇ ಇಡಿ.

ಮೇಜಿನ ನಡುವೆ, ಉದ್ದ ಕೋಲು ಹಿಡಿದ ಸ್ಟಿಕ್‌ಮನ್‌ನ ಮುಂದೆ, ಬಣ್ಣಬಣ್ಣದ ದಾಳದ ಚಿತ್ರಗಳಿರುವ ಮನೆಗಳಿವೆ. ಹೆಚ್ಚಿನವು ಒಂದೇ ಎಸೆತದಲ್ಲಿ ಇತ್ಯರ್ಥ, ಒಂದಕ್ಕೆ ಮೂವತ್ತರ ಆಸೆ. ಎರಡು ಒಂದು ಬಿದ್ದು 2 ಆಗುವುದಕ್ಕೆ, ಎರಡು ಆರು ಬಿದ್ದು 12 ಆಗುವುದಕ್ಕೆ ಒಂದಕ್ಕೆ 30. ನ್ಯಾಯವಾಗಿ 35 ಕೊಡಬೇಕಿತ್ತು, ಪಾಲು ಶೇ. 13.89. 3 ಅಥವಾ 11ಕ್ಕೆ ಒಂದಕ್ಕೆ 15, ಪಾಲು ಶೇ. 11.11. ಜೋಡಿಯಾಗಿಯೇ ಬೀಳಬೇಕೆಂಬ ಹಾರ್ಡ್‌ವೇ ಪಣಗಳಲ್ಲಿ ಮೂರು-ಮೂರು ಅಥವಾ ನಾಲ್ಕು-ನಾಲ್ಕಕ್ಕೆ ಶೇ. 9.09, ಎರಡು-ಎರಡು ಅಥವಾ ಐದು-ಐದಕ್ಕೆ ಶೇ. 11.11. ಎಲ್ಲಕ್ಕಿಂತ ದುಬಾರಿ ಎನಿ ಸೆವೆನ್. ಮುಂದಿನ ಎಸೆತದಲ್ಲೇ 7 ಬಿದ್ದರೆ ಒಂದಕ್ಕೆ ನಾಲ್ಕು. ನ್ಯಾಯವಾದ ದರ ಐದು. ಪಾಲು ಶೇ. 16.67, ಅಂದರೆ ಕಟ್ಟಿದ ಆರು ರೂಪಾಯಿಯಲ್ಲಿ ಒಂದು ಕ್ಯಾಸಿನೋಗೆ.

ಶೇಕಡಾವಾರು ಅಂಕಿ ಒಣಗಿ ಕಂಡರೆ ಗಂಟೆಯ ಲೆಕ್ಕದಲ್ಲಿ ನೋಡಿ. ಒಂದು ಗಂಟೆಗೆ 100 ಎಸೆತ ಎಂದಿಟ್ಟುಕೊಳ್ಳೋಣ. ಪಾಸ್ ಲೈನಿನ ಒಂದು ಪಣ ತೀರ್ಮಾನವಾಗಲು ಸರಾಸರಿ ಮೂರಕ್ಕಿಂತ ತುಸು ಹೆಚ್ಚು ಎಸೆತ ಬೇಕು. ಹಾಗಾಗಿ ಗಂಟೆಗೆ ಸುಮಾರು 30 ಪಣ. 100 ರೂಪಾಯಿಯಂತೆ ಆಡಿದರೆ ಸರಾಸರಿ ನಷ್ಟ ಗಂಟೆಗೆ 42 ರೂಪಾಯಿ. ಅದೇ 100 ರೂಪಾಯಿಯನ್ನು ಪ್ರತಿ ಎಸೆತಕ್ಕೂ ಎನಿ ಸೆವೆನ್ ಮೇಲೆ ಇಟ್ಟವನ ನಷ್ಟ ಗಂಟೆಗೆ 1,667 ರೂಪಾಯಿ. ಇಬ್ಬರೂ ನಿಂತಿರುವುದು ಒಂದೇ ಮೇಜಿನಲ್ಲಿ. ಸರಾಸರಿ ಎಂಬುದನ್ನು ಗಮನದಲ್ಲಿಡಿ. ಆ 30 ಪಾಸ್ ಲೈನ್ ಪಣಗಳಲ್ಲಿ ಐನೂರು ರೂಪಾಯಿ ಅತ್ತಲೋ ಇತ್ತಲೋ ಸರಿಯುವುದು ತೀರಾ ಸಹಜ. 600 ಗೆದ್ದು ಹೊರಬಂದವರು ತಮ್ಮ ಕೈಗುಣ ಎಂದುಕೊಳ್ಳುತ್ತಾರೆ.

ಊರ ಜಾತ್ರೆಯ ಚಿತ್ರದ ದಾಳದ ಆಟ ನೋಡಿದವರಿಗೆ ಒಂದು ಹೋಲಿಕೆಯ ಅಂಕಿ ಕೊಡಬಹುದು. ಆರು ಚಿತ್ರ, ಮೂರು ದಾಳ. ಕಟ್ಟಿದ ಚಿತ್ರ ಒಂದು ದಾಳದಲ್ಲಿ ಬಂದರೆ ಒಂದರಷ್ಟು, ಎರಡರಲ್ಲಿ ಬಂದರೆ ಎರಡರಷ್ಟು, ಮೂರರಲ್ಲೂ ಬಂದರೆ ಮೂರರಷ್ಟು. ಮೂರು ದಾಳ, ಆರು ಚಿತ್ರ, ಅರ್ಧಕ್ಕರ್ಧ ಅವಕಾಶ ಎಂದು ಎಲ್ಲರಿಗೂ ಅನಿಸುತ್ತದೆ. 216 ಸಲದಲ್ಲಿ 125 ಸಲ ಒಂದೂ ಬರುವುದಿಲ್ಲ. ಕೊಟ್ಟು ತೆಗೆದುಕೊಂಡ ಲೆಕ್ಕ ಹಾಕಿದರೆ ಶೇ. 7.87 ಆಟ ನಡೆಸುವವನ ಜೇಬಿಗೆ. ಪಾಸ್ ಲೈನಿಗಿಂತ ಐದು ಪಟ್ಟು ಹೆಚ್ಚು. ದಾಳ ಸಾಚಾ ಇದ್ದಾಗಿನ ಮಾತು ಇದು.

ಮೇಜಿನ ಬಳಿ ನಿಂತಾಗ

ಅಮೆರಿಕದ ಮೇಜುಗಳಲ್ಲಿ ಕನಿಷ್ಠ ಪಣ ಎಷ್ಟು ಎಂದು ಫಲಕದಲ್ಲಿ ಬರೆದಿರುತ್ತದೆ. 10 ಡಾಲರ್ ಎಂದಿದ್ದರೆ ಅದರ ಇಪ್ಪತ್ತು ಪಟ್ಟು ಹೋದರೂ ಅಡ್ಡಿಯಿಲ್ಲ ಎನ್ನುವಷ್ಟು ಇದ್ದಾಗ ಮಾತ್ರ ನಿಲ್ಲಿ; ಇಲ್ಲವಾದರೆ ನೋಡುತ್ತ ನಿಲ್ಲುವುದೇ ಸೊಗಸು, ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಚಿಪ್ಪು ಕೊಳ್ಳುವಾಗ ನೋಟನ್ನು ಡೀಲರ್ ಕೈಗೆ ಕೊಡಬಾರದು, ಅವರು ಮುಟ್ಟುವುದಿಲ್ಲ. ಎಸೆತಗಳ ನಡುವೆ ಬಟ್ಟೆಯ ಮೇಲೆ ಇಟ್ಟು ಚಿಪ್ಪು ಕೇಳಬೇಕು. ಪಾಸ್ ಲೈನ್, ಆಡ್ಸ್, ಫೀಲ್ಡ್ ನೀವೇ ಇಡುವ ಪಣಗಳು. ಪ್ಲೇಸ್ ಆದರೆ ಡೀಲರ್‌ಗೆ ಹೇಳಬೇಕು, ಅವರೇ ಇಡುತ್ತಾರೆ.

ದಾಳ ಸರದಿಯಂತೆ ನಿಮ್ಮ ಹತ್ತಿರ ಬಂದಾಗ ಎಸೆಯಲೇಬೇಕೆಂದಿಲ್ಲ, ಮುಂದಕ್ಕೆ ದಾಟಿಸಬಹುದು. ಎಸೆಯುವುದಾದರೆ ಸ್ಟಿಕ್‌ಮನ್ ಐದಾರು ದಾಳ ಮುಂದೆ ತಳ್ಳುತ್ತಾನೆ, ಎರಡು ಆರಿಸಿಕೊಳ್ಳಿ. ಒಂದೇ ಕೈಯಲ್ಲಿ ಮುಟ್ಟಬೇಕು. ಮನೆಯಲ್ಲಿ ಚೌಕಾಬಾರದ ಕವಡೆಯನ್ನು ಎರಡೂ ಅಂಗೈ ನಡುವೆ ಕುಲುಕಿ ಅಭ್ಯಾಸವಿರುವವರು ಇದನ್ನು ನೆನಪಿಟ್ಟುಕೊಳ್ಳಿ. ಎರಡನೇ ಕೈ ಹತ್ತಿರ ಬಂದರೆ ತಕ್ಷಣ ತಡೆಯುತ್ತಾರೆ. ಎದುರಿನ ಗೋಡೆಗೆ ತಾಗುವಂತೆ ಎಸೆಯಬೇಕು. ಬೇರೆಯವರು ಎಸೆಯುವಾಗ ಮೇಜಿನೊಳಗೆ ಕೈ ಇಳಿಬಿಡಬಾರದು. ಇನ್ನೊಂದು, ಆಟ ನಡೆಯುವಾಗ ಏಳು ಎಂಬ ಮಾತು ಬಾಯಲ್ಲಿ ಬರಬಾರದು ಎಂಬ ನಂಬಿಕೆ ಅಲ್ಲಿಯವರಿಗೆ ಗಟ್ಟಿ. ಕನ್ನಡದಲ್ಲಿ ಹೇಳಿದರೆ ತೊಂದರೆಯಿಲ್ಲ ಎನ್ನಿ.

ನಂಬಿಕೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾದಲ್ಲಿ ಮಹಿಳೆಯೊಬ್ಬರು ನಾಲ್ಕು ಗಂಟೆಗೂ ಹೆಚ್ಚು ಕಾಲ ಸತತ 154 ಎಸೆತ ಎಸೆದರು. ಪಾಯಿಂಟ್ ಆದ ಮೇಲೆ 7 ಬಿದ್ದು ಸರದಿ ಮುಂದಿನವರಿಗೆ ಹೋಗುವ ತನಕ ಒಬ್ಬರ ಕೈಯಲ್ಲಿ ದಾಳ ಸಾಮಾನ್ಯವಾಗಿ ಉಳಿಯುವುದು ಸರಾಸರಿ ಎಂಟೊಂಬತ್ತು ಎಸೆತ. 154 ತಲುಪುವ ಸಂಭವ ಐನೂರು ಕೋಟಿಗೆ ಒಂದಕ್ಕಿಂತಲೂ ಕಡಿಮೆ. ಆಗಿದ್ದು ನಿಜ, ಆದರೆ 153ನೇ ಎಸೆತದ ನಂತರವೂ 7 ಬೀಳುವ ಸಂಭವ ಆರರಲ್ಲಿ ಒಂದೇ ಆಗಿತ್ತು. ದಾಳಕ್ಕೆ ಹಿಂದಿನದು ನೆನಪಿರುವುದಿಲ್ಲ. ಬಹಳ ಹೊತ್ತಿನಿಂದ ಏಳು ಬಿದ್ದಿಲ್ಲ, ಇನ್ನೇನು ಬಿದ್ದೇ ಬೀಳುತ್ತದೆ ಎಂದು ಎನಿ ಸೆವೆನ್‌ಗೆ ಕಟ್ಟುವವರಿಂದಲೇ ಆ ಮನೆ ನಡೆಯುವುದು.

ಮೇಜಿನ ಬಟ್ಟೆಯ ಮೇಲೆ ಬರೆದ ದರವನ್ನೂ ಒಮ್ಮೆ ವಿಚಾರಿಸಿಕೊಳ್ಳಿ. 30 ಎಂದರೆ ನಿಮ್ಮ ಪಣವನ್ನು ಬಿಟ್ಟು 30 ಸಿಗುತ್ತದೆಯೋ, ಪಣವೂ ಸೇರಿ 30 ಸಿಗುತ್ತದೆಯೋ? ಎರಡನೆಯದಾದರೆ ನಿಜಕ್ಕೂ ಸಿಗುವುದು 29.

ಇಲ್ಲಿಯ ಕಾನೂನು, ಅಲ್ಲಿಯ ತೆರಿಗೆ

ಮಹಾರಾಷ್ಟ್ರದಲ್ಲಿ ಕ್ಯಾಸಿನೋ ಇಲ್ಲ. 1976ರಲ್ಲೇ ಕ್ಯಾಸಿನೋ ನಿಯಂತ್ರಣ ಮತ್ತು ತೆರಿಗೆಗೆಂದು ಒಂದು ಕಾಯ್ದೆ ಮಾಡಿದ್ದರು, ಜಾರಿಗೆ ಮಾತ್ರ ಬರಲೇ ಇಲ್ಲ. 2023ರಲ್ಲಿ ಅದನ್ನು ರದ್ದುಮಾಡಿದರು. ಜಾರಿಯಲ್ಲಿರುವುದು 1887ರ ಜೂಜು ತಡೆ ಕಾಯ್ದೆ. ದಾಳದ ಆಟ ಕೌಶಲದ ಆಟ ಎಂದು ವಾದಿಸಲು ಬರುವುದಿಲ್ಲ. ಆದ್ದರಿಂದ ಕೋಪರಿಯ ಸೊಸೈಟಿ ಹಾಲಿನಲ್ಲಿ ದೀಪಾವಳಿಗೆ ಆಡುವುದಾದರೆ ಹುಣಸೆ ಬೀಜವೋ ಪ್ಲಾಸ್ಟಿಕ್ ಬಿಲ್ಲೆಯೋ ಸಾಕು. ಹಣ ಕಟ್ಟಿಸಿ, ಜಾಗ ಕೊಟ್ಟವರು ಅದರಿಂದ ಕಮಿಷನ್ ತೆಗೆಯಲು ಶುರುಮಾಡಿದರೆ ಪೊಲೀಸರ ಭಾಷೆಯಲ್ಲಿ ಅದು ಜೂಜುಕೇಂದ್ರ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಅದರ ನಂತರವೂ ವಾಟ್ಸ್ಆಪ್‌ನಲ್ಲಿ ಬರುವ ಕ್ಯಾಸಿನೋ ಲಿಂಕುಗಳು ಹೊರದೇಶದಿಂದ ನಡೆಯುವ ಕಳ್ಳ ಅಂಗಡಿಗಳು. ಅಲ್ಲಿ ದಾಳ ಎಸೆಯುವವರೂ ಅವರೇ, ಅಂಕಿ ಹೇಳುವವರೂ ಅವರೇ.

ಗೋವೆಯಲ್ಲಿ ಕಾನೂನು ಅವಕಾಶ ಕೊಟ್ಟಿದೆ. ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ 1992ರ ತಿದ್ದುಪಡಿ, ನದಿಯ ಹಡಗುಗಳಿಗೆ 1996ರ ತಿದ್ದುಪಡಿ. ಪಣಜಿಯ ಜೆಟ್ಟಿಯಿಂದ ಲಾಂಚ್ ಹತ್ತಿ ಮಾಂಡೋವಿಯಲ್ಲಿ ನಿಂತ ಹಡಗಿಗೆ ಹೋಗಬೇಕು. 21 ತುಂಬಿರಬೇಕು. 2020ರ ಫೆಬ್ರವರಿಯಿಂದ ಗೋವೆಯ ನಿವಾಸಿಗಳಿಗೆ ಪ್ರವೇಶವಿಲ್ಲ, ಹೊರಗಿನವರಿಗಷ್ಟೇ. ಹೋಗುವ ಮೊದಲು ಫೋನ್ ಮಾಡಿ ಕ್ರಾಪ್ಸ್ ಮೇಜು ಇದೆಯೇ ಎಂದು ಕೇಳಿ. ನಮ್ಮ ಕಡೆಯವರು ಮುಗಿಬೀಳುವುದು ರೂಲೆಟ್, ಬಕಾರಾ, ತೀನ್ ಪತ್ತಿಗೆ. ದಾಳದ ಮೇಜು ಎಲ್ಲ ಕಡೆ ಇರುತ್ತದೆಂದು ನಂಬಿ ಹೋಗಬೇಡಿ.

ಅಲ್ಲಿ ಹೌಸ್ ಎಡ್ಜ್‌ಗಿಂತ ದೊಡ್ಡದೊಂದು ಬಾಗಿಲಲ್ಲೇ ಕಾದಿರುತ್ತದೆ. ಚಿಪ್ಪು ಕೊಳ್ಳಲು ಕೊಟ್ಟ ಮೊತ್ತದ ಮೇಲೆ ಜಿಎಸ್‌ಟಿ, 2023ರ ಅಕ್ಟೋಬರ್‌ನಿಂದ ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 40. ಗೆದ್ದ ಚಿಪ್ಪನ್ನೇ ಮತ್ತೆ ಕಟ್ಟಿದರೆ ಅದರ ಮೇಲೆ ಮತ್ತೊಮ್ಮೆ ಬೀಳುವುದಿಲ್ಲ. ಈ ತೆರಿಗೆಯನ್ನು ಕ್ಯಾಸಿನೋ ತಾನೇ ಹೊರುತ್ತದೆಯೋ, ಪ್ಯಾಕೇಜಿನಲ್ಲಿ ಸೇರಿಸಿದೆಯೋ, ನಿಮ್ಮಿಂದ ಮೇಲೆ ವಸೂಲಿ ಮಾಡುತ್ತದೆಯೋ ಎಂಬುದನ್ನು ಕೌಂಟರಿನಲ್ಲೇ ಕೇಳಿ ಖಚಿತಮಾಡಿಕೊಳ್ಳಿ. 10,000ದ ಚಿಪ್ಪಿಗೆ 4,000 ನೀವೇ ಕಟ್ಟಬೇಕಾಗಿ ಬಂದರೆ, ಅಷ್ಟು ಹಣವನ್ನು 100ರ ಪಾಸ್ ಲೈನಿನಲ್ಲಿ ಸರಾಸರಿಯಾಗಿ ಕಳೆದುಕೊಳ್ಳಲು ಸುಮಾರು 2,800 ಪಣ ಬೇಕು. ದಾಳ ಮುಟ್ಟುವ ಮೊದಲೇ ತೊಂಬತ್ತು ಗಂಟೆಯ ಆಟ ಸೋತಂತೆ.

ಗೆದ್ದದ್ದಕ್ಕೆ ಬೇರೆ ಆದಾಯ ತೆರಿಗೆಯಿದೆ. ನಿಮ್ಮ ಸ್ಲ್ಯಾಬ್ ಯಾವುದೇ ಇರಲಿ, ಜೂಜಿನ ಗೆಲುವಿಗೆ ನೇರ ಶೇ. 30, ಮೇಲೆ ಸೆಸ್. ಸೋತದ್ದನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಶನಿವಾರ 20,000 ಗೆದ್ದು ಭಾನುವಾರ 20,000 ಸೋತವನು ಕೈಯಲ್ಲಿ ಏನೂ ಇಲ್ಲದೆ ಊರಿಗೆ ಬಂದರೂ ಕಾನೂನಿನ ಲೆಕ್ಕದಲ್ಲಿ ಶನಿವಾರದ ಗೆಲುವು ಗೆಲುವೇ.

ಏಳುವಾಗ ಕೈಯಲ್ಲಿರುವ ಸಣ್ಣ ಚಿಪ್ಪುಗಳನ್ನು ಎಸೆತಗಳ ನಡುವೆ ಮೇಜಿನ ಮೇಲಿಟ್ಟು ದೊಡ್ಡ ಮೌಲ್ಯದ ಚಿಪ್ಪು ಕೇಳಿ. ಡೀಲರ್ ಎಣಿಸಿ ಬದಲಾಯಿಸಿ ಕೊಡುತ್ತಾರೆ. ಮೇಜಿನಲ್ಲಿ ನಗದು ಸಿಗುವುದಿಲ್ಲ, ಕ್ಯಾಷಿಯರ್ ಕೌಂಟರಿಗೇ ಹೋಗಬೇಕು. ಅಲ್ಲಿ ಕೊಟ್ಟ ರಸೀದಿಯನ್ನು ಆ ವರ್ಷದ ರಿಟರ್ನ್ ಸಲ್ಲಿಸುವವರೆಗೆ ಇಟ್ಟುಕೊಳ್ಳಿ.